ಯಾರೂ ಒತ್ತದ ಪೆಡಲು

ನಿನ್ನ ಕೆಲಸ ಏನಯ್ಯಾ ಎಂದು ಯಾರಾದರೂ ಕೇಳಿದರೆ, ಲಾರಿ ಎಷ್ಟು ಕುಡಿಯಬೇಕು ಅಂತ ತೀರ್ಮಾನ ಮಾಡುವ ಕೆಲಸ ಎನ್ನುತ್ತಿದ್ದೆ. ಕೇಳಿದವರು ನಗುತ್ತಿದ್ದರು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನದೊಂದು ಡೀಸೆಲ್ ಪಂಪ್ ರಿಪೇರಿ ಅಂಗಡಿ ಇದೆ. ಪಂಪ್ ಎಂದರೆ ಡೀಸೆಲ್ ಹಾಕುವ ಬಂಕ್ ಅಲ್ಲ. ಲಾರಿಯ ಎಂಜಿನ್ನಿಗೆ ಅಂಟಿಕೊಂಡಿರುವ, ಎರಡು ಇಟ್ಟಿಗೆ ಜೋಡಿಸಿಟ್ಟಷ್ಟು ದೊಡ್ಡ ಪೆಟ್ಟಿಗೆ. ಅದರೊಳಗೆ ಒಂದು ಹಲ್ಲುಪಟ್ಟಿ ಇರುತ್ತದೆ. ಡ್ರೈವರ್ ಪೆಡಲ್ ಒತ್ತಿದರೆ ಆ ಪಟ್ಟಿ ಬೆರಳಗಲ ಮುಂದಕ್ಕೆ ಸರಿಯುತ್ತದೆ, ಆರು ಸಿಲಿಂಡರಿಗೂ ಡೀಸೆಲ್ ಹೆಚ್ಚಾಗಿ ಹೋಗುತ್ತದೆ. ಕಾಲು ತೆಗೆದರೆ ಹಿಂದಕ್ಕೆ ಬರುತ್ತದೆ, ಡೀಸೆಲ್ ಕಡಿಮೆಯಾಗುತ್ತದೆ. ಎಂಜಿನ್ ಅಬ್ಬರಿಸುವುದೂ ಸುಮ್ಮನಾಗುವುದೂ ಆ ಬೆರಳಗಲದೊಳಗೇ. ಪಟ್ಟಿ ಎಲ್ಲೂ ತಡೆಯದೆ ಜಾರಬೇಕು. ಅದೊಂದು ಸರಿಯಿದ್ದರೆ ಮಿಕ್ಕಿದ್ದೆಲ್ಲ ಸ್ಕ್ರೂ ತಿರುಗಿಸುವ ಕೆಲಸ.

ಪಂಪನ್ನು ಬಿಚ್ಚಿ ತಂದು ಅಂಗಡಿಯ ಬೆಂಚಿಗೆ ಕಟ್ಟಿ ಕರೆಂಟಿನಲ್ಲಿ ತಿರುಗಿಸುತ್ತೇನೆ. ಮುಂದೆ ಆರು ಗಾಜಿನ ಕೊಳವೆ. ಆರೂ ಸಮನಾಗಿ ತುಂಬಬೇಕು. ಎಂಜಿನ್ ಮೇಲೂರಿನಲ್ಲೋ ಜಂಗಮಕೋಟೆಯಲ್ಲೋ ಸತ್ತ ಹಾಗೆ ನಿಂತಿರುತ್ತದೆ, ಅದರ ಪಂಪು ಮಾತ್ರ ಇಲ್ಲಿ ನನ್ನ ಮುಂದೆ ಒಂಟಿಯಾಗಿ ಮಿಡಿಯುತ್ತಿರುತ್ತದೆ. ಮೊದಲ ಸಲ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿಯುವುದುಂಟು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿಯೂ, "ಅಯ್ಯೋ, ಇದನ್ನ ಕಿತ್ಕೊಂಡು ಬಂದು ಇನ್ನೂ ಉಸಿರಾಡಿಸ್ತಿದೀರಲ್ಲ" ಎಂದಿದ್ದಳು. ಆ ಮಾತಿಗೆ ವಾರಗಟ್ಟಲೆ ಅವಳನ್ನು ಗೇಲಿ ಮಾಡಿದ್ದೆ. ದೆವ್ವ ಭೂತ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಕೊಳವೆಯಲ್ಲಿ ಎಷ್ಟಿದೆಯೋ ಅಷ್ಟೇ ಸತ್ಯ, ಅದರಾಚೆಗೆ ಏನೂ ಇಲ್ಲ ಎನ್ನುತ್ತಿದ್ದೆ.

ಹೊಂದಿಸುವ ಕೆಲಸ ಮುಗಿದ ಮೇಲೆ ಸ್ಕ್ರೂಗಳಿಗೆ ತಂತಿ ಸುತ್ತಿ, ಸೀಸದ ಬಿಲ್ಲೆ ಹಾಕಿ, ಇಕ್ಕಳದಿಂದ ಒತ್ತಿ ನನ್ನ ಗುರುತು ಮೂಡಿಸುತ್ತೇನೆ. ಅದು ಸೀಲು. ಈ ಕಡೆಯ ಲಾರಿಯವರಲ್ಲಿ ಸೀಲಿಗೆ ಬಹಳ ಮರ್ಯಾದೆ. ಒಬ್ಬನ ಸೀಲನ್ನು ಇನ್ನೊಬ್ಬ ಮೇಸ್ತ್ರಿ ಕೇಳದೆ ಒಡೆಯುವುದಿಲ್ಲ. ಲಾರಿಯಿಂದ ಏನಾದರೂ ಅನಾಹುತವಾಗಿ, ತಪ್ಪು ಗಾಡಿಯದೋ ಡ್ರೈವರನದೋ ಎಂಬ ಜಗಳ ಬಂದರೆ ಹಿರಿಯರು ಸೀಲು ಹಾಕಿದವನನ್ನೇ ಕರೆಸುತ್ತಾರೆ. ಅವನು ಪಂಪು ನೋಡಿ ಹೇಳಿದ್ದೇ ಕೊನೆಯ ಮಾತು. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಾಯಿತಲ್ಲ ಎಂದು ನೀವು ಕೇಳಬಹುದು. ಇಪ್ಪತ್ತು ವರ್ಷ ನನಗೆ ಆ ಪ್ರಶ್ನೆ ಹೊಳೆಯಲೇ ಇಲ್ಲ.

ನನಗೆ ಕೆಲಸ ಕಲಿಸಿದವರು ಚಿಂತಾಮಣಿಯ ಒಬ್ಬ ಹಳೆಯ ಮೇಸ್ತ್ರಿ. ಮನೆಮಾತು ಉರ್ದು, ಬೈಯುವುದು ಮಾತ್ರ ತೆಲುಗಿನಲ್ಲಿ. ಅವರದು ಒಂದೇ ಕಟ್ಟಳೆ: ಪಂಪಿನ ಒಳಭಾಗಕ್ಕೆ ಬಟ್ಟೆ ಮುಟ್ಟಿಸಬಾರದು. ಡೀಸೆಲ್ಲಿನಲ್ಲಿ ತೊಳೆ, ಗಾಳಿ ಹೊಡೆ, ಬರಿಗೈಯಲ್ಲಿ ಜೋಡಿಸು. ಬಟ್ಟೆಯ ಒಂದು ಜುಂಗು ಒಳಗೆ ಉಳಿದರೂ ಪಂಪು ಹಾಳು ಎನ್ನುತ್ತಿದ್ದರು. ಶಿಡ್ಲಘಟ್ಟಕ್ಕೆ ಬಂದ ಮೇಲೆ ನಾನು ಗುರುವನ್ನು ಮೀರಿಸಿದ ಶಿಷ್ಯನಾದೆ. ನನ್ನ ಹೆಂಡತಿ ರೇಷ್ಮೆ ಬಿಚ್ಚುವವರ ಮನೆಯವಳು. ಕುದಿನೀರಿನಲ್ಲಿ ಗೂಡು ಹಾಕಿ ನೂಲು ತೆಗೆಯುವಾಗ ಉಳಿಯುವ ಸಿಕ್ಕುನೂಲು ಅವರ ಮನೆಯಲ್ಲಿ ಮೂಟೆಗಟ್ಟಲೆ ಬಿದ್ದಿರುತ್ತಿತ್ತು. ಮುಟ್ಟಿದರೆ ಬೆಣ್ಣೆ. ನಮ್ಮ ಸುತ್ತಿನ ಗ್ಯಾರೇಜಿನವರು ಕೈ ಒರೆಸುವುದೇ ಅದರಲ್ಲಿ. ಹತ್ತಿ ಬಟ್ಟೆ ಜುಂಗು ಬಿಡುತ್ತದೆ, ರೇಷ್ಮೆ ಬಿಡುವುದಿಲ್ಲ. ಹಾಗಾಗಿ ನಾನು ಪಂಪಿನ ಒಳಗನ್ನೂ ಅದರಿಂದಲೇ ಒರೆಸಿ ಕನ್ನಡಿ ಮಾಡುತ್ತಿದ್ದೆ. ಬೇರೆ ಊರಿನ ಮೇಸ್ತ್ರಿಗಳಿಗೆ ಈ ಭಾಗ್ಯ ಎಲ್ಲಿ ಬರಬೇಕು ಎಂದು ಜಂಬವನ್ನೂ ಕೊಚ್ಚಿಕೊಂಡಿದ್ದೆ.

ಮೇಲೂರಿನ ಒಬ್ಬ ಜಮೀನುದಾರರಲ್ಲಿ ಒಂದು ಹಳೆಯ ಲಾರಿ ಇತ್ತು. ಈಗಿನವುಗಳ ಹಾಗೆ ಕಂಪ್ಯೂಟರ್ ಹೇಳಿದಂತೆ ಕೇಳುವ ಲಾರಿಯಲ್ಲ, ಎಲ್ಲ ಕಬ್ಬಿಣದ ಕಡ್ಡಿ, ಸ್ಪ್ರಿಂಗು. ಅದರ ಡ್ರೈವರ್ ಗೌರಿಬಿದನೂರಿನ ಆಚೆಯ ನಗರಗೆರೆಯವನು. ಮೂವತ್ತೈದರ ಆಸುಪಾಸಿನ, ಮಾತು ಕಮ್ಮಿಯ ಮನುಷ್ಯ. ಪಂಪು ತಂದು ಕೊಟ್ಟಾಗ ಬೇರೆ ಡ್ರೈವರುಗಳ ಹಾಗೆ ಟೀ ಅಂಗಡಿಗೆ ಹೋಗದೆ ಕೊಳವೆ ತುಂಬುವುದನ್ನೇ ನೋಡುತ್ತ ನಿಲ್ಲುತ್ತಿದ್ದ. "ಅಣ್ಣ, ಮೂರನೇದು ಒಂಚೂರು ಬಡೀತದೆ, ನೋಡಿ" ಎನ್ನುತ್ತಿದ್ದ. ನೋಡಿದರೆ ಮೂರನೆಯ ಕೊಳವೆಯಲ್ಲಿ ನಿಜಕ್ಕೂ ಕೂದಲೆಳೆಯಷ್ಟು ಹೆಚ್ಚಿರುತ್ತಿತ್ತು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಂಥ ಕಿವಿಯ ಇನ್ನೊಬ್ಬ ಡ್ರೈವರನ್ನು ಕಂಡಿಲ್ಲ. ಅದನ್ನು ಅವನಿಗೆ ಎಂದೂ ಹೇಳಲಿಲ್ಲ. ಹೊಗಳಿದರೆ ಡ್ರೈವರುಗಳು ತಲೆ ಮೇಲೆ ಕೂರುತ್ತಾರೆ ಎಂಬುದು ಆಗ ನನ್ನ ಸಿದ್ಧಾಂತ.

ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ಆ ಪಂಪನ್ನು ಪೂರ್ತಿ ಬಿಚ್ಚಿ ಒರೆಸಿ ಹೊಂದಿಸಿ ಸೀಲು ಹಾಕಿ ಕೊಟ್ಟೆ. ಹದಿನೈದು ದಿನ ಲಾರಿ ಚೆನ್ನಾಗಿ ಓಡಿತು. ಹದಿನಾರನೆಯ ದಿನ ಮಟಮಟ ಮಧ್ಯಾಹ್ನ, ಜಂಗಮಕೋಟೆಯ ಹತ್ತಿರ ಒಂದು ಬೂಸಾ ಗೋದಾಮಿಗೆ ಹಿಂದಕ್ಕೆ ತೆಗೆಯುತ್ತಿದ್ದಾಗ ಎಂಜಿನ್ ಇದ್ದಕ್ಕಿದ್ದಂತೆ ಅಬ್ಬರಿಸಿ ಲಾರಿ ನುಗ್ಗಿತು. ಹಿಂದೆ ನಿಂತು "ಬರ್ಲಿ, ಬರ್ಲಿ" ಎಂದು ದಾರಿ ತೋರಿಸುತ್ತಿದ್ದ ಹಮಾಲಿ ಗೋಡೆಗೂ ಲಾರಿಗೂ ನಡುವೆ ಸಿಕ್ಕಿಕೊಂಡ. ಅವನೂ ನಗರಗೆರೆಯವನೇ, ಡ್ರೈವರನ ಚಿಕ್ಕಂದಿನ ಗೆಳೆಯ. ಜೀವ ಉಳಿಯಿತು. ಬಲಗಾಲು ಮಂಡಿಯಿಂದ ಕೆಳಗೆ ಹೋಯಿತು. ಗೋಡೆಗೆ ಗುದ್ದಿ ಎಂಜಿನ್ ನಿಂತ ಮೇಲೆ ಡ್ರೈವರ್ ಕೆಳಗಿಳಿದು ಒಂದೇ ಮಾತು ಹೇಳಿದನಂತೆ: "ನಾನು ಒತ್ತಿಲ್ಲ. ಅದೇ ಎದ್ದಿದ್ದು."

ಮೂರು ದಿನದ ಮೇಲೆ ನನ್ನನ್ನು ಕರೆಸಿದರು. ಗೋದಾಮಿನ ಅಂಗಳದಲ್ಲಿ ನಾಲ್ಕಾರು ಹಿರಿಯರು ಕುರ್ಚಿ ಹಾಕಿಕೊಂಡು ಕೂತಿದ್ದರು. ಲಾರಿಯ ಮಾಲೀಕರು ಒಂದು ಕಡೆ, ಡ್ರೈವರ್ ಇನ್ನೊಂದು ಕಡೆ ಲಾರಿಯ ನೆರಳಿನಲ್ಲಿ ನಿಂತಿದ್ದ. ನಾನು ಎಲ್ಲರಿಗೂ ಕಾಣುವಂತೆ ನನ್ನ ಸೀಲು ತೋರಿಸಿದೆ. ಹಾಕಿದ ಹಾಗೇ ಇತ್ತು. ಒಡೆದು, ಪಂಪಿನ ಪಕ್ಕದ ಮುಚ್ಚಳ ತೆಗೆದು, ಹಲ್ಲುಪಟ್ಟಿಯನ್ನು ಬೆರಳಲ್ಲಿ ಹಿಂದೆ ಮುಂದೆ ಜಾರಿಸಿದೆ. ಎಣ್ಣೆ ಸವರಿದ ಹಾಗೆ ಜಾರಿತು. ಹತ್ತು ಸಲ ಜಾರಿಸಿದೆ. ಹತ್ತು ಸಲವೂ ಸರಿ.

ಹನ್ನೊಂದನೆಯ ಸಲ ಪಟ್ಟಿ ತಡೆಯಿತು. ಒಂದು ಕ್ಷಣ ಅಷ್ಟೇ. ಆ ತುದಿಯಲ್ಲಿ ಯಾರೋ ಬೆರಳ ತುದಿಯಿಂದ ಹಿಡಿದು, ನಾನು ಗಮನಿಸಿದೆನೆಂದು ಗೊತ್ತಾದ ಕೂಡಲೇ ಬಿಟ್ಟ ಹಾಗೆ. ಮತ್ತೆ ಜಾರಿಸಿದೆ, ಏನೂ ಇಲ್ಲ. ಮತ್ತೆ ಮತ್ತೆ ಜಾರಿಸಿದೆ, ಏನೂ ಇಲ್ಲ. ಒಳಗೆ ಬಗ್ಗಿ ನೋಡಿದೆ. ಹೊಳೆಯುವ ಉಕ್ಕು ಬಿಟ್ಟರೆ ಏನೂ ಕಾಣಲಿಲ್ಲ.

"ಏನಪ್ಪಾ, ಸೀಲ್ ಹಾಕಿದೋನು ನೀನು. ತಪ್ಪು ಗಾಡೀದಾ, ಇವನ್ದಾ? ಹೇಳ್ಬಿಡು" ಎಂದರು ಹಿರಿಯರೊಬ್ಬರು.

ಆಗ ನಾನು ಹೇಳಬಹುದಾಗಿತ್ತು. ಒಂದು ಸಲ ಹಿಡೀತು ಸ್ವಾಮಿ, ಯಾಕೋ ಗೊತ್ತಾಗ್ತಿಲ್ಲ, ಬೆಂಚಿಗೆ ಕಟ್ಟಿ ನೋಡಬೇಕು ಎಂದು. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಅಷ್ಟೂ ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ನನ್ನ ಸೀಲು ತಪ್ಪಿತು ಎಂದು ಯಾರೂ ಹೇಳಿರಲಿಲ್ಲ. ಮೊದಲ ಸಲ ನಾನೇ ಹೇಳಬೇಕೆ?

"ಪಂಪ್ ಸರಿಯಾಗಿದೆ. ಕುಣಿಯಕ್ಕೆ ಬರದೋಳು ನೆಲ ಡೊಂಕು ಅಂದ್ಲಂತೆ" ಎಂದೆ. ಇಬ್ಬರು ನಕ್ಕರು. ನಕ್ಕದ್ದು ನನಗೆ ಧೈರ್ಯ ಕೊಟ್ಟಿತು. ಡ್ರೈವರನ ಕಡೆ ತಿರುಗಿ ಬುದ್ಧಿ ಹೇಳುವ ದನಿಯಲ್ಲಿ ಮುಂದುವರಿಸಿದೆ. "ಬ್ರೇಕಿಗೆ ಅಂತ ಕಾಲು ಎತ್ತಿರ್ತೀಯ ಕಣಪ್ಪ. ಚಪ್ಪಲಿ ಪಟ್ಟಿ ಎಕ್ಸಲೇಟರ್ ಪೆಡಲಿಗೆ ತಗಲಾಕ್ಕೊಂಡಿರ್ತದೆ. ಬಿಡಿಸ್ಕೊಳ್ಳೋಕೆ ಅಂತ ಒದ್ದಿರ್ತೀಯ, ಅದು ಇನ್ನೂ ಕೆಳಗೆ ಹೋಗಿರ್ತದೆ. ಗಾಬರೀಲಿ ಇದೆಲ್ಲ ಗೊತ್ತಾಗಲ್ಲ."

"ಅಣ್ಣ, ನಾನು ಚಪ್ಪಲಿ ಹಾಕ್ಕೊಂಡು ಗಾಡಿ ಹತ್ತಲ್ಲ" ಎಂದ ಅವನು. "ಕೆಳಗೇ ಬಿಚ್ಚಿ ಸೀಟಿನ ಹಿಂದಕ್ಕೆ ಹಾಕ್ತೀನಿ. ಅನ್ನ ಕೊಡೋ ಜಾಗ ಅದು."

"ಆವತ್ತು ಮರ್ತಿರ್ತೀಯ" ಎಂದೆ.

ಅವಮಾನವಾದವರು ಸಿಟ್ಟಿನಿಂದ ನೋಡುತ್ತಾರೆ. ಅವನು ಹಾಗೆ ನೋಡಲಿಲ್ಲ. ಕೊಳವೆ ತುಂಬುವುದನ್ನು ನೋಡುತ್ತಿದ್ದನಲ್ಲ, ಹಾಗೇ ನನ್ನ ಮುಖವನ್ನು ನೋಡಿದ. ನಾನು ಹೇಳಿದರೆ ಇರಬಹುದೇನೋ ಎನ್ನುವ ಹಾಗೆ. ಆಮೇಲೆ ತಲೆ ತಗ್ಗಿಸಿ ತನ್ನ ಬಲಗಾಲನ್ನು ನೋಡಿಕೊಂಡ. ನಾನು ಮುಚ್ಚಳ ಹಾಕಿ ಹೊಸ ಸೀಲು ಒತ್ತಿ ಮನೆಗೆ ಬಂದೆ. ಆ ರಾತ್ರಿ ಚೆನ್ನಾಗಿಯೇ ಊಟ ಮಾಡಿದೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಅವನು ಡ್ರೈವಿಂಗ್ ಬಿಟ್ಟು ಊರಿಗೆ ಹೋದ ಎಂದು ಕೇಳಿದೆ. ಲಾರಿಯ ಬಗ್ಗೆ ಬೇರೆ ಮಾತುಗಳು ಹುಟ್ಟಿಕೊಂಡವು. ಹೊಸ ಡ್ರೈವರ್ ಒಂದು ತಿಂಗಳು ಓಡಿಸಿ, "ಹಿಂದಕ್ಕೆ ತೆಗೆಯುವಾಗ ನನ್ನ ಕಾಲಿನ ಪಕ್ಕ ಇನ್ನೊಂದು ಕಾಲು ಇದ್ದ ಹಾಗಿರ್ತದೆ" ಎಂದು ಹೇಳಿ ಕೀಲಿಕೈ ಕೊಟ್ಟು ಹೋದ. ಅವನ ನಂತರ ಬಂದವನು ಅಷ್ಟೂ ದಿನ ನಿಲ್ಲಲಿಲ್ಲ. ಮಾಲೀಕರು ನಿಂಬೆಹಣ್ಣು ಕಟ್ಟಿಸಿದರು, ಕುಂಬಳಕಾಯಿ ಒಡೆಸಿದರು. ಕೊನೆಗೆ ಲಾರಿಯನ್ನು ಮೇಲೂರಿನ ತಮ್ಮ ಹಿಪ್ಪುನೇರಳೆ ತೋಟದ ಪಕ್ಕದ ಅಂಗಳದಲ್ಲಿ ನಿಲ್ಲಿಸಿಬಿಟ್ಟರು. ಸೊಪ್ಪು ಕೊಯ್ಯಲು ಬರುವ ಹೆಂಗಸರು ಅದರ ಮುಂದೆ ಹಾಯದೆ ಬದುವಿನ ಮೇಲೆ ಸುತ್ತಿ ಹೋಗುತ್ತಿದ್ದರಂತೆ. ಇದನ್ನೆಲ್ಲ ಗಿರಾಕಿಗಳು ಬಂದು ಹೇಳಿದಾಗ ನಾನು ಜೋರಾಗಿ ನಗುತ್ತಿದ್ದೆ. ಆದರೆ ಆಗಿನಿಂದ ಬೆಂಚಿನ ಮೇಲೆ ಯಾವ ಪಂಪಿನ ಹಲ್ಲುಪಟ್ಟಿ ಜಾರಿಸಿದರೂ ಹನ್ನೊಂದನೆಯ ಸಲಕ್ಕೆ ಅಂಜುವುದು ನನಗೆ ಅಭ್ಯಾಸವಾಗಿತ್ತು. ಹತ್ತಕ್ಕೆ ನಿಲ್ಲಿಸಿಬಿಡುತ್ತಿದ್ದೆ.

ಈ ವರ್ಷ ಮಾಲೀಕರು ಫೋನ್ ಮಾಡಿ, ಲಾರಿ ಕೊಟ್ಟುಬಿಡಬೇಕೆಂದಿದ್ದೇನೆ, ನೋಡಲು ಬರುವವರ ಮುಂದೆ ಎಂಜಿನ್ ನಯವಾಗಿ ಓಡುವ ಹಾಗೆ ಹೊಂದಿಸಿ ಕೊಡು ಎಂದರು. ಬೆಳಿಗ್ಗೆ ಹೋದೆ. ಬ್ಯಾಟರಿ ಹಾಕಿ, ಡೀಸೆಲ್ ಫಿಲ್ಟರ್ ಬದಲಾಯಿಸಿ, ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆಯುವಷ್ಟರಲ್ಲಿ ಬಿಸಿಲೇರಿತು. ಎಂಜಿನ್ ಮೊದಲ ಸಲಕ್ಕೇ ಎದ್ದಿತು. ಅರ್ಧ ಗಂಟೆ ಓಡಿಸಿ ಬಿಸಿ ಮಾಡಿದೆ. ಆಮೇಲೆ ನೆಲದ ಮೇಲೆ ನಿಂತು, ಪಂಪಿನ ಪಕ್ಕದ ಸ್ಕ್ರೂ ತಿರುಗಿಸಿ ಲಾರಿ ನಿಂತಿರುವಾಗ ಎಂಜಿನ್ ಓಡುವ ವೇಗವನ್ನು ತಗ್ಗಿಸುತ್ತ ಬಂದೆ. ಕ್ಯಾಬಿನ್ನಿನ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಮಾಲೀಕರು ದೂರದಲ್ಲಿ ರೇಷ್ಮೆ ಹುಳುಮನೆಯ ಜಗಲಿಯ ಮೇಲೆ ಕೂತಿದ್ದರು.

ಪೆಡಲಿನಿಂದ ಪಂಪಿಗೆ ಬರುವ ಕಡ್ಡಿಯನ್ನು ಕೈಯಲ್ಲೇ ಒಂದು ಸಲ ಎಳೆದೆ. ಎಂಜಿನ್ ಏರಿತು. ಬಿಟ್ಟೆ. ಕಡ್ಡಿ ತನ್ನ ಜಾಗಕ್ಕೆ ಬಂತು. ಎಂಜಿನ್ ಇಳಿಯಲಿಲ್ಲ.

ಮೊದಲು ನನಗೆ ಅರ್ಥವಾಗಲಿಲ್ಲ. ಕಡ್ಡಿಯನ್ನು ಇನ್ನೂ ಹಿಂದಕ್ಕೆ ತಳ್ಳಿದೆ. ಎಂಜಿನ್ ಏರುತ್ತಲೇ ಹೋಯಿತು. ತೆರೆದ ಬಾಗಿಲಿನಿಂದ ಪೆಡಲ್ ಕಾಣುತ್ತಿತ್ತು, ಮೇಲೆ ಎದ್ದು ನಿಂತಿತ್ತು, ಅದರ ಮೇಲೆ ಯಾರ ಕಾಲೂ ಇರಲಿಲ್ಲ. ಖಾಲಿ ಲಾರಿ ನಿಂತಲ್ಲೇ ಅದುರುತ್ತ ಕಿರುಚುತ್ತಿತ್ತು. ಕಪ್ಪು ಹೊಗೆ ಹಿಪ್ಪುನೇರಳೆ ಗಿಡಗಳ ಮೇಲೆ ಹರಡಿತು. ಕ್ಯಾಬಿನ್ನಿಗೆ ಹಾರಿ ಎಂಜಿನ್ ನಿಲ್ಲಿಸುವ ಹಿಡಿ ಎಳೆದೆ. ಹಿಡಿ ಕೈಗೆ ಬಂತು, ಎಂಜಿನ್ ಕೇಳಲಿಲ್ಲ. ನನ್ನ ಇಷ್ಟು ವರ್ಷದ ಬದುಕಿನಲ್ಲಿ ಒಂದು ಯಂತ್ರ ನನ್ನ ಮಾತು ಕೇಳುವುದಿಲ್ಲ ಎಂದು ಹೀಗೆ ಮುಖಕ್ಕೆ ಹೇಳಿದ್ದು ಅದೇ ಮೊದಲು. ಕೆಳಗೆ ಬಿದ್ದೆದ್ದು, ನೀರಿನ ತೊಟ್ಟಿಯ ಮೇಲಿದ್ದ ಹಲಗೆ ತಂದು, ಗಾಳಿ ಎಳೆದುಕೊಳ್ಳುವ ಬಾಯಿಗೆ ಎರಡೂ ಕೈಯಿಂದ ಒತ್ತಿ ಹಿಡಿದೆ. ಉಸಿರು ಕಟ್ಟಿ ಎಂಜಿನ್ ನಾಲ್ಕು ಸಲ ನಡುಗಿ ಸತ್ತಿತು.

ಆಮೇಲೆ ಎಷ್ಟು ಮೌನವಾಯಿತೆಂದರೆ, ಹುಳುಮನೆಯಲ್ಲಿ ಹುಳುಗಳು ಸೊಪ್ಪು ತಿನ್ನುವ ಸದ್ದು ಅಂಗಳದವರೆಗೆ ಕೇಳಿಸಿತು. ಮಾಲೀಕರು ಜಗಲಿಯ ಮೇಲೆ ಎದ್ದು ನಿಂತು ಕೈ ಮುಗಿದಿದ್ದರು. "ನೋಡಿದ್ಯೇನಯ್ಯಾ? ಈಗ್ಲಾದ್ರೂ ನಂಬ್ತೀಯಾ?" ಎಂದರು. ಅವರು ದೆವ್ವವನ್ನು ಕಂಡಿದ್ದರು. ದೆವ್ವವೇ ಆಗಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ನನಗೆ ಹೆದರಿಕೆಯಾದದ್ದು ಬೇರೆಯದಕ್ಕೆ. ನಾನು ಒತ್ತಿಲ್ಲ, ಅದೇ ಎದ್ದಿದ್ದು ಎಂದು ಹೇಳಲು ನನ್ನ ಬಾಯಿ ತೆರೆದಿತ್ತು.

ಪಂಪನ್ನು ಬಿಚ್ಚಿ ಅಂಗಡಿಗೆ ತಂದೆ. ಬೆಂಚಿಗೆ ಕಟ್ಟಿದರೆ ಆರೂ ಕೊಳವೆ ಸಮ. ಒಂದೊಂದೇ ಭಾಗ ಬಿಚ್ಚಿ ಭೂತಗನ್ನಡಿ ಹಿಡಿದು ನೋಡಿದೆ. ಉಕ್ಕು ಹೊಳೆಯುತ್ತಿತ್ತು. ಎರಡು ದಿನ ಹೀಗೇ ಕಳೆಯಿತು. ಮೂರನೆಯ ದಿನ ಮಧ್ಯಾಹ್ನ ನನ್ನ ಹೆಂಡತಿ ಊಟ ತಂದಳು. ಡಬ್ಬಿ ಇಡಲು ಜಾಗ ಮಾಡಿಕೊಳ್ಳುತ್ತ ಮುಚ್ಚಳ ತೆಗೆದಿದ್ದ ಪಂಪನ್ನು ಪಕ್ಕಕ್ಕೆ ಸರಿಸಿದಳು. ಸರಿಸಿದವಳು ಕೈ ಹಿಂದಕ್ಕೆ ತೆಗೆಯಲಿಲ್ಲ.

"ಇಲ್ಲಿ ಎಳೆ ಇದೆ ಕಣ್ರೀ" ಎಂದಳು.

"ಎಲ್ಲಿ? ನನಗೇನೂ ಕಾಣಲ್ವಲ್ಲ."

"ಕಾಣ್ಸಲ್ಲ. ಮುಟ್ಟಿದ್ರೆ ಗೊತ್ತಾಗ್ತದೆ."

ಅವಳು ಹನ್ನೆರಡನೆಯ ವಯಸ್ಸಿನಿಂದ ಕುದಿನೀರಿನ ಬೋಗುಣಿಯಲ್ಲಿ ಗೂಡಿನ ತುದಿ ಹುಡುಕಿದವಳು. ಬೆರಳ ತುದಿಗಳು ಬೆಂದು ಬೆಂದು ನುಣುಪಾಗಿವೆ, ರೇಖೆಗಳೇ ಇಲ್ಲ. ಆ ಬೆರಳಿನಿಂದ ಪಂಪಿನ ಹಲ್ಲುಗಳ ನಡುವಿನಿಂದ ಏನನ್ನೋ ಚಿವುಟಿ ಹಿಡಿದು ಮೆಲ್ಲಗೆ ಎಳೆದಳು. ಅವಳ ಬೆರಳ ನಡುವೆ ಏನೂ ಇರಲಿಲ್ಲ. ಬರಿಯ ಗಾಳಿಯನ್ನು ಎಳೆಯುತ್ತಿರುವ ಹಾಗೆ ಕೈ ಮೇಲಕ್ಕೆ ಹೋಯಿತು, ಮೊಣಕೈ ಮಟ್ಟ, ಭುಜದ ಮಟ್ಟ. ಹಿಂದಕ್ಕೆ ಹೆಜ್ಜೆಯಿಟ್ಟು ಬಾಗಿಲವರೆಗೂ ಹೋದಳು. ಆಗ ಬಿಸಿಲಿಗೆ ಒಂದು ಗೆರೆ ಒಮ್ಮೆ ಮಿನುಗಿ ಮಾಯವಾಯಿತು. ಎಳೆ ಬಿಗಿಯಾಯಿತು. ಬೆಂಚಿನ ಮೇಲೆ, ಯಾರೂ ಮುಟ್ಟದೆ, ಹಲ್ಲುಪಟ್ಟಿ ಬೆರಳಗಲ ಮುಂದಕ್ಕೆ ಸರಿದು ನಿಂತಿತು. ಪೂರ್ತಿ ಡೀಸೆಲ್ಲಿನ ಕಡೆಗೆ.

"ಇದು ನಮ್ಮನೆ ಸಿಕ್ಕುನೂಲು" ಎಂದಳು. ರೇಷ್ಮೆ ಜುಂಗು ಬಿಡುವುದಿಲ್ಲ ನಿಜ. ಒಂದೇ ಎಳೆಯನ್ನು, ಮಾರುಗಟ್ಟಲೆ ಉದ್ದದ್ದನ್ನು ಬಿಡುತ್ತದೆ. ಆ ಎಳೆಯ ಮೈಯಲ್ಲಿ ಗೂಡಿನ ಅಂಟು ಇರುತ್ತದೆ. ಎಂಜಿನ್ ಬಿಸಿಯಾದಾಗ ಅಂಟು ಮೆತ್ತಗಾಗಿ ಎಳೆ ಹಲ್ಲಿನ ಸಂದಿಗೆ ಇಳಿದು ಪಟ್ಟಿಯನ್ನು ಹಿಡಿಯುತ್ತಿತ್ತು. ಆರಿದಾಗ ಬಿಡುತ್ತಿತ್ತು. ಹಾಗಾಗಿ ನನ್ನ ಬೆಂಚಿನ ಮೇಲೆ ಎಂದೂ ಸಿಕ್ಕಿಬೀಳಲಿಲ್ಲ. ಗೋದಾಮಿನ ಅಂಗಳದಲ್ಲಿ, ಬಿಸಿಲಿಗೆ ಕಾದಿದ್ದಾಗ, ಒಮ್ಮೆ ಮಾತ್ರ ನನ್ನ ಬೆರಳಿಗೆ ಹೇಳಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಆವತ್ತು ನನಗೆ ಅನ್ನ ಸೇರಲಿಲ್ಲ.

ಮಾಲೀಕರಿಗೆ ಹೇಳಿದೆ. ಹಿರಿಯರ ಮನೆಗಳಿಗೂ ಹೋಗಿ, ತಪ್ಪು ನನ್ನದು, ಅವನದಲ್ಲ ಎಂದೆ. ಯಾರೂ ಬೈಯಲಿಲ್ಲ. "ಎರಡು ವರ್ಷ ಆಯ್ತು, ಬಿಡಪ್ಪ. ಈಗ ಯಾಕೆ ಅದೆಲ್ಲ?" ಎಂದರು. ಮಾಲೀಕರಂತೂ ಎಳೆಯ ಮಾತನ್ನು ನಂಬಲೂ ಇಲ್ಲ, ನಿಂಬೆಹಣ್ಣನ್ನು ಬಿಚ್ಚಲೂ ಇಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಇನ್ನು ಉಳಿದದ್ದು ಅವನಿಗೆ ಹೇಳುವುದು. ಎಳೆಯನ್ನು ಒಂದು ಕಪ್ಪು ಕಾಗದಕ್ಕೆ ಸುತ್ತಿ ಜೇಬಿನಲ್ಲಿಟ್ಟುಕೊಂಡು ಚಿಕ್ಕಬಳ್ಳಾಪುರದ ಮೇಲೆ ಗೌರಿಬಿದನೂರಿಗೆ, ಅಲ್ಲಿಂದ ನಗರಗೆರೆಗೆ ಬಸ್ಸಿನಲ್ಲಿ ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಅವನು ಉಗಿಯಲಿ, ಎರಡು ಬಾರಿಸಲಿ, ಆದರೆ ತನ್ನ ತಪ್ಪಿರಲಿಲ್ಲ ಎಂದು ತಿಳಿದು ಒಂದು ಸಲ ನೆಟ್ಟಗೆ ನಿಲ್ಲಲಿ.

ಇಳಿದಾಗ ಊರು ಬಿಸಿಲಿಗೆ ಬಾಗಿಲು ಹಾಕಿಕೊಂಡಿತ್ತು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಕೇಳಿಕೊಂಡು ಮನೆ ಹುಡುಕಿದೆ. ಅವನ ಹೆಂಡತಿ ಒಳಗೆ ಕೂರಿಸಿ ನೀರು ಕೊಟ್ಟಳು. ಅವನು ಈಗ ಊರಿನಲ್ಲೇ ಹಮಾಲಿ ಕೆಲಸಕ್ಕೆ ಹೋಗುತ್ತಾನಂತೆ. ಕಾಲು ಕಳೆದುಕೊಂಡ ಗೆಳೆಯನ ಬದಲಿಗೆ ಇವನೇ ಮೂಟೆ ಹೊರುತ್ತಾನೆ, ಗೆಳೆಯನ ಮನೆಯನ್ನೂ ನೋಡಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಅವನೇ ಊಟಕ್ಕೆ ಬಂದ. ತೆಳ್ಳಗಾಗಿದ್ದ. ನನ್ನನ್ನು ಕಂಡು, "ಯಾವಾಗ ಬಂದ್ರಿ ಅಣ್ಣ?" ಎಂದು ನಕ್ಕ.

ನಾನು ಎಲ್ಲವನ್ನೂ ಹೇಳಿದೆ. ಮೇಲೂರಿನ ಅಂಗಳದಲ್ಲಿ ಖಾಲಿ ಲಾರಿ ಎದ್ದದ್ದು, ನನ್ನ ಹೆಂಡತಿಯ ಬೆರಳು, ಒರೆಸಿದ್ದು ನಾನು, ಗೋದಾಮಿನಲ್ಲಿ ಪಟ್ಟಿ ಹಿಡಿದಾಗ ಬಾಯಿ ಮುಚ್ಚಿಕೊಂಡವನೂ ನಾನು. ಕಪ್ಪು ಕಾಗದ ಬಿಚ್ಚಿ ಅವನ ಮುಂದೆ ಹಿಡಿದೆ. ಅವನ ಹೆಂಡತಿ ಬಾಗಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದಳು. ಅವನು ಕಾಗದವನ್ನು ಬಹಳ ಹೊತ್ತು ನೋಡಿದ.

"ಇಲ್ಲ ಅಣ್ಣ. ಒತ್ತಿದ್ದು ನಾನೇ" ಎಂದ.

"ಒತ್ತಿಲ್ಲ ಕಣಪ್ಪ. ನಾನೇ ಕಣ್ಣಾರೆ ನೋಡಿದೆ. ಪೆಡಲ್ ಮೇಲೇ ಇರ್ತದೆ, ಎಂಜಿನ್ ಏರ್ತದೆ."

"ನನಗೆ ನೆನಪಿದೆ ಅಣ್ಣ." ದನಿಯಲ್ಲಿ ಹಟವಿರಲಿಲ್ಲ, ನನಗೇ ಏನೋ ಮರೆತುಹೋಗಿದೆ ಎನ್ನುವ ಕನಿಕರವಿತ್ತು. "ಮೊದಮೊದಲು ನೆನಪಿರ್ಲಿಲ್ಲ. ನೀವು ಹೇಳಿದ್ಮೇಲೆ ದಿನಾ ಕೂತು ಯೋಚನೆ ಮಾಡಿದೆ. ಒಂದಿನ ಎಲ್ಲಾ ಬಂತು. ಬ್ರೇಕಿಗೆ ಅಂತ ಕಾಲು ಎತ್ತಿದೆ. ಚಪ್ಪಲಿ ಪಟ್ಟಿ ತಗಲಾಕ್ಕೊಂತು. ಬಿಡಿಸ್ಕೊಳ್ಳೋಕೆ ಒದ್ದೆ. ಇನ್ನೂ ಕೆಳಗೆ ಹೋಯ್ತು. ಪಟ್ಟಿ ಬೆರಳಿಗೆ ಕೊರೆದಿದ್ದು ಇವತ್ತಿಗೂ ಗೊತ್ತಾಗ್ತದೆ." ಹೇಳುತ್ತ ಹೇಳುತ್ತ ಮಂಚದ ಮೇಲೆ ಕೂತಿದ್ದವನ ಬರಿಯ ಬಲಗಾಲು ನೆಲವನ್ನು ಒತ್ತುತ್ತ ಹೋಯಿತು. ಹಿಮ್ಮಡಿ ಊರಿ, ಬೆರಳು ಬಿಳಿಚುವಷ್ಟು ಜೋರಾಗಿ. ಆ ಮುಚ್ಚಿದ ಮನೆಯಲ್ಲಿ ನನ್ನ ಕಿವಿಗೆ ಎಂಜಿನ್ ಏರುವ ಸದ್ದು ಕೇಳಿಸಿತು. ಸುಳ್ಳು ಹೇಳುತ್ತಿಲ್ಲ, ಕೇಳಿಸಿತು.

ನಾನು ಹೇಳಿದ್ದ ಮಾತುಗಳೇ, ನಾನು ಹೇಳಿದ್ದ ಕ್ರಮದಲ್ಲೇ. "ನೀನು ಚಪ್ಪಲಿ ಹಾಕ್ಕೊಂಡು ಗಾಡಿ ಹತ್ತೋನೇ ಅಲ್ವಲ್ಲಪ್ಪ, ನೀನೇ ಹೇಳಿದ್ಯಲ್ಲ" ಎಂದು ಗೋಗರೆದೆ. ನನ್ನ ಕಣ್ಣಲ್ಲಿ ನೀರು ಬಂತು.

"ಆವತ್ತು ಮರ್ತಿದ್ದೆ" ಎಂದ. ಆಮೇಲೆ ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟ. "ನೀವು ಬೇಜಾರು ಮಾಡ್ಕೋಬೇಡಿ ಅಣ್ಣ. ನನಗೆ ಸಮಾಧಾನ ಆಗ್ಲಿ ಅಂತ ಇಷ್ಟು ದೂರ ಬಂದು ನಿಮ್ಮ ಮೇಲೆ ಹಾಕ್ಕೊಂಡು ಹೇಳ್ತಿದೀರಿ. ನಿಮ್ಮ ಸೀಲ್ ಎಂದಾದ್ರೂ ತಪ್ಪಿದ್ದುಂಟಾ?"

ಊಟ ಮಾಡಿ ಅವನು ಮತ್ತೆ ಕೆಲಸಕ್ಕೆ ಹೋದ. ಅವನ ಹೆಂಡತಿ ಬಸ್ ನಿಲ್ಲುವ ಮರದವರೆಗೆ ನನ್ನ ಜೊತೆ ಬಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಿಜಾನಾ ಅಣ್ಣ, ನೀವು ಹೇಳಿದ್ದು?" ಎಂದು ಕೇಳಿದಳು. ನಿಜ ಎಂದೆ. ಜೇಬಿನಿಂದ ಕಾಗದ ತೆಗೆಯಹೋದೆ. ಅವಳು ಬೇಡ ಎಂದು ಕೈಯಾಡಿಸಿದಳು.

"ನನಗೆ ಹೇಳಿದ್ರಲ್ಲ, ಸಾಕು. ಅವರಿಗೆ ಮಾತ್ರ ಇನ್ನೊಂದ್ಸಲ ಹೇಳೋಕೆ ಬರಬೇಡಿ. ಒತ್ತಿಲ್ಲ ಒತ್ತಿಲ್ಲ ಅಂತ ಆರು ತಿಂಗಳು ಕಣ್ಣು ಮುಚ್ಚಿಲ್ಲ ಅವರು, ಒಂದು ತುತ್ತು ತಿಂದಿಲ್ಲ. ಒತ್ತಿದೆ ಅಂತ ಒಪ್ಕೊಂಡ್ಮೇಲೇ ನಿದ್ದೆ ಬಂದಿದ್ದು."

ಬಸ್ಸು ಬಂತು. ಹೇಳುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟು ಹತ್ತಿದೆ.